'ಲೋ' ಅಂದಿದ್ದು ಬ್ಯಾಟ್ರಿ ಅಲ್ಲ: ಓತಿಕ್ಯಾತ ಸಾಕೋರಿಗೊಂದು ಟೆಂಪರೇಚರ್ ಗನ್ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ಎಸಿ ರಿಪೇರಿಯವರು ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ತಾರಲ್ಲ, ಆ ಹಳದಿ-ಕಪ್ಪು ಇನ್‌ಫ್ರಾರೆಡ್ ಟೆಂಪರೇಚರ್ ಗನ್ನಿನ ರಿವ್ಯೂ. ಟ್ರಿಗರ್ ಒತ್ತಿದ್ರೆ ಕೆಂಪು ಚುಕ್ಕೆ ಬೀಳತ್ತೆ, ಅರೆಕ್ಷಣದಲ್ಲಿ ಆ ಜಾಗದ ಬಿಸಿ ಎಷ್ಟು ಅಂತ ಪರದೆ ಮೇಲೆ ಬರತ್ತೆ, ಅಷ್ಟೇ ಇದರ ಕೆಲಸ. ಶಿವಮೊಗ್ಗದಲ್ಲಿ ಬಿ.ಹೆಚ್. ರಸ್ತೆ ಕಡೆ ಒಂದು ಟೂಲ್ಸ್ ಅಂಗಡೀಲಿ ತಗೊಂಡಿದ್ದು, 950 ಹೇಳಿದ್ರು, 850ಕ್ಕೆ ಕೊಟ್ರು. ನಾನು ಎಸಿ ರಿಪೇರಿ ಮಾಡಲ್ಲ. ನನ್ ಹತ್ರ ಒಂದು ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಸಾಕು ಹಲ್ಲಿ ಇದೆ, ಅದಕ್ಕೆ ಹನ್ನೆರಡು ದಿನ ಹೊಟ್ಟೆ ಕಟ್ಟಿತ್ತು, ಆ ಕಥೆ ಹೇಳ್ದೆ ಈ ಗನ್ನಿಗೆ ಯಾಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ ಅಂತ ಗೊತ್ತಾಗಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಹೆಸರು ಕೆಂಚ. ಆಸ್ಟ್ರೇಲಿಯಾದ ಒಣ ಒಳನಾಡಿನ ಹಲ್ಲಿ ಜಾತಿ, ಅಲ್ಲಿಂದ ಹೊರಗೆ ಮಾರಾಟಕ್ಕೆ ಕಳ್ಸೋದನ್ನ ಆ ಸರ್ಕಾರ ಎಷ್ಟೋ ವರ್ಷದ ಹಿಂದೇನೇ ನಿಲ್ಸಿದೆ, ಈಗ ಜನ ಸಾಕ್ತಿರೋದೆಲ್ಲ ಗೂಡಲ್ಲೇ ಮರಿಯಾದ ಸಂತತಿ. ನಮ್ಮಜ್ಜಿಗೆ ಈ ಚರಿತ್ರೆ ಎಲ್ಲ ಬೇಡ, ಅವರ ಪ್ರಕಾರ ಅದು ಓತಿಕ್ಯಾತ. "ಬೇಲಿ ಮೇಲೆ ಪುಕ್ಸಟ್ಟೆ ಸಿಗೋ ಪ್ರಾಣಿಗೆ ದುಡ್ ಕೊಟ್ಟು ತಂದ್ಯಾ ಪುಟ್ಟಾ" ಅಂತ ಬಂದೋರ ಮುಂದೆಲ್ಲ ಹೇಳ್ತಾರೆ. ನೋಡೋಕೂ ಹಾಗೇ ಇದೆ ಅನ್ನಿ, ಗಡ್ಡ ಉಬ್ಸಿ ತಲೆ ಆಡ್ಸೋದೊಂದು ನಮ್ ಬೇಲಿ ಓತಿಕ್ಯಾತದ್ದೇ ನಕಲು.

ಶಿವಮೊಗ್ಗದ ಬಾಡಿಗೆ ಮನೇಲಿ ಇದ್ದಾಗ ಎರಡು ವರ್ಷ ಒಂದು ತೊಂದ್ರೆ ಇಲ್ಲ. ಎರಡು ದಿನಕ್ಕೊಂದು ಸಲ ಕಕ್ಕ, ಗಡಿಯಾರ ನೋಡ್ಕೊಂಡು ಮಾಡಿದ ಹಾಗೆ. ಈ ಸಲ ಜುಲೈ ಕೊನೇಲಿ ಆಫೀಸಿಂದ ವರ್ಕ್ ಫ್ರಂ ಹೋಂ ಸಿಕ್ತು, ತೀರ್ಥಹಳ್ಳಿ ಕಡೆ ನಮ್ಮೂರಿಗೆ ಬಂದೆ, ಕೆಂಚನ್ನೂ ಅವನ ಗಾಜಿನ ಟ್ಯಾಂಕನ್ನೂ ಕಾರಲ್ಲಿ ಹಾಕ್ಕೊಂಡು. ಆ ಹೊತ್ತಿಗೆ ನಮ್ಕಡೆ ಮಳೆ ಹೇಗಿರತ್ತೆ ಅಂತ ಮಲೆನಾಡಿನೋರಿಗೆ ಹೇಳೋದೇ ಬೇಡ, ಹಾಸಿಗೆ ಒದ್ದೆ, ಉಪ್ಪಿನ ಡಬ್ಬಿ ಒದ್ದೆ, ಬೆಂಕಿಪೊಟ್ಟಣ ಗೀರಿದ್ರೆ ಹತ್ತಲ್ಲ, ಮಧ್ಯಾಹ್ನ ಎರಡು ಗಂಟೆಗೆ ಲೈಟ್ ಹಾಕ್ಬೇಕು. ಅಂಥದ್ರಲ್ಲಿ ಮರುಭೂಮಿ ಪ್ರಾಣಿ ತಂದು ಇಟ್ಟಿದೀನಿ, ಆದ್ರೂ ಬಲ್ಬ್ ಇದೆಯಲ್ಲ, ಬಿಸಿಲಿನ ಬದಲು ಅತಿನೇರಳೆ ಕಿರಣ ಕೊಡೋ ಯುವಿಬಿ ಟ್ಯೂಬ್ ಇದೆಯಲ್ಲ ಅಂತ ಧೈರ್ಯ.

ಮೊದಲ ನಾಲ್ಕು ದಿನ ಕಕ್ಕ ಇಲ್ಲ ಅಂದಾಗ ಜಾಗ ಬದಲಾಗಿದೆ, ಬೇಜಾರಿರ್ಬೇಕು ಅನ್ಕೊಂಡೆ. ಆರನೇ ದಿನ ಊಟ ಬಿಟ್ಟ. ಸೂಪರ್‌ವರ್ಮ್ ಅನ್ನೋ ಮೇವಿನ ಹುಳ ಕಂಡ್ರೆ ಟ್ಯಾಂಕಿನ ಗಾಜಿಗೆ ತಲೆ ಹೊಡ್ಕೊಂಡು ಬರ್ತಿದ್ದೋನು ಅದು ಮೂಗಿನ ಮೇಲೆ ಹರಿದ್ರೂ ಕಣ್ಣು ಬಿಡಲ್ಲ. ಹೊಟ್ಟೆ ಮುಟ್ಟಿದ್ರೆ ಗಾಳಿ ಜಾಸ್ತಿ ಹಾಕಿದ ಸೈಕಲ್ ಟ್ಯೂಬ್ ಥರ ಬಿಗಿ. ಗಡ್ಡ ಕಪ್ಪಗೆ ತಿರುಗಿತ್ತು, ಅದು ಅವಕ್ಕೆ ನೋವು ಅಥವಾ ಭಯ ಇದ್ದಾಗ ಆಗೋದು. ಎಂಟನೇ ದಿನ ಒಂದು ಸಣ್ಣ ಬಿಳಿ ಗಟ್ಟಿ ಮಾತ್ರ ಹಾಕಿದ, ಅದು ಉಚ್ಚೆ ಭಾಗ, ಸರಿ ಇದ್ದಾಗ ಮೆತ್ತಗೆ ಬೆಳ್ಳಗಿರತ್ತೆ, ಇದು ಹಳದಿ ತಿರುಗಿ ಸೀಮೆಸುಣ್ಣದ ತುಂಡಿನ ಹಾಗಿತ್ತು, ಅಂದ್ರೆ ಮೈಯಲ್ಲಿ ನೀರು ಕಮ್ಮಿ ಆಗಿದೆ.

ಅಜ್ಜಿ ಹರಳೆಣ್ಣೆ ಬಾಟ್ಲಿ ತಂದ್ರು. "ನಿಮ್ಮೆಲ್ಲರಿಗೂ ಕುಡ್ಸಿದ್ದು ಇದೇ, ಯಾರಾದ್ರೂ ಸತ್ರಾ?" ಸತ್ಯ ಹೇಳ್ತೀನಿ, ಸಿರಿಂಜಲ್ಲಿ ಎಳ್ಕೊಂಡು ಕೈಯಲ್ಲಿ ಹಿಡ್ಕೊಂಡಿದ್ದೆ, ಕೆಂಚ ಬಾಯಿ ಬಿಡಲಿಲ್ಲ ಅಂತ ಬಚಾವು. ಆಮೇಲೆ ಡಾಕ್ಟ್ರು ಹೇಳಿದ್ದು, ಬಾಯಿಗೆ ಹಾಕಿದ ಎಣ್ಣೆ ಶ್ವಾಸನಾಳಕ್ಕೆ ಜಾರಿದ್ರೆ ಪುಪ್ಪುಸಕ್ಕೆ ಹೋಗಿ ನ್ಯುಮೋನಿಯಾ ಆಗತ್ತೆ, ಹೊಟ್ಟೆ ಕಟ್ಟಿದ್ದಕ್ಕಿಂತ ಬೇಗ ಅದೇ ಕೊಲ್ಲತ್ತೆ ಅಂತ. ಈಗ್ಲೂ ಆ ಸಿರಿಂಜ್ ನೆನೆದ್ರೆ ಕೈ ನಡುಗತ್ತೆ.

ಇನ್ನು ಬಿಸಿ ವಿಷಯ. ಟ್ಯಾಂಕಿನ ಹಿಂದಿನ ಗೋಡೆಗೆ ಅಂಟಿಸೋ ದುಂಡಗಿನ ಮುಳ್ಳಿನ ಥರ್ಮಾಮೀಟರ್ ಇತ್ತು, ಟ್ಯಾಂಕಿನ ಜೊತೇಲೇ ಬಂದಿದ್ದು, ಅದು 36 ತೋರಿಸ್ತಾ ಇತ್ತು. ಸರಿ ಇದೆಯಲ್ಲ ಅಂತ ದಿನಾ ನೋಡಿ ಸಮಾಧಾನ ಮಾಡ್ಕೊಳ್ತಿದ್ದೆ. ಒಂದಿನ ಸಂಶಯ ಬಂದು, ಮನೇಲಿ ಕೋವಿಡ್ ಟೈಮಲ್ಲಿ ತಂದಿದ್ದ ಹಣೆಗೆ ಹಿಡಿಯೋ ಗನ್ ಡ್ರಾಯರಲ್ಲಿ ಇತ್ತಲ್ಲ, ಅದನ್ನ ಕೆಂಚ ಕೂರೋ ಕಲ್ಲಿಗೆ ಹಿಡಿದೆ. 'ಲೋ' ಅಂತ ಬಂತು. ಬ್ಯಾಟ್ರಿ ಲೋ ಅನ್ಕೊಂಡು ಹೊಸ ಸೆಲ್ ಹಾಕ್ದೆ. ಮತ್ತೂ 'ಲೋ'. ನಾಲ್ಕು ವರ್ಷ ಡ್ರಾಯರಲ್ಲಿ ಬಿದ್ದಿದ್ದು ಕೆಟ್ಟೋಗಿದೆ ಅಂತ ಬಿಸಾಕಿದೆ. ಇದನ್ನ ನೆನಪಿಟ್ಕೊಳ್ಳಿ.

ಒಂಬತ್ತನೇ ದಿನ ಬೆಳಿಗ್ಗೆ ಥರ್ಮಾಕೋಲ್ ಬಾಕ್ಸಲ್ಲಿ ಬೈರಾಸ ಹಾಸಿ, ಬಚ್ಚಲ ಹಂಡೆಯ ಬಿಸಿನೀರು ತುಂಬಿದ ಬಾಟ್ಲಿಗೆ ಇನ್ನೊಂದು ಬೈರಾಸ ಸುತ್ತಿ ಪಕ್ಕದಲ್ಲಿಟ್ಟು, ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋದ್ವಿ. ಅಪ್ಪಯ್ಯ ಕಾರು ಓಡಿಸಿದ್ರು, ದಾರಿ ಉದ್ದಕ್ಕೂ ಒಂದು ಮಾತಾಡ್ಲಿಲ್ಲ, ಗಾಜನೂರು ಹತ್ರ ಮಾತ್ರ "ಬಾಟ್ಲಿ ಇನ್ನೂ ಬಿಸಿ ಇದ್ಯಾ ನೋಡು" ಅಂದ್ರು. ಮೊದಲು ಹೋದ ಕ್ಲಿನಿಕ್ಕಲ್ಲಿ ಬಾಕ್ಸ್ ಮುಚ್ಚಳ ತೆಗೆದ ತಕ್ಷಣ ಅಲ್ಲಿದ್ದ ಹುಡುಗ ಎರಡು ಹೆಜ್ಜೆ ಹಿಂದೆ ಹೋಗಿ "ನಾಯಿ ಬೆಕ್ಕು ಮಾತ್ರ" ಅಂದ. ಸರಿ. ವೆಟರ್ನರಿ ಕಾಲೇಜೇ ಇರೋ ಊರು ಇದು, ನೋಡೋರು ಯಾರಾದ್ರೂ ಇದ್ದೇ ಇರ್ತಾರೆ ಅಂತ ನಾಲ್ಕು ಕಡೆ ಫೋನ್ ಹಚ್ಚಿದ್ಮೇಲೆ ಗಿಳಿ, ಆಮೆ ಎಲ್ಲ ನೋಡೋ ಒಬ್ಬ ಮೇಡಂ ಸಿಕ್ರು. ಹೆಸರು ಹಾಕಲ್ಲ, ಕೇಳ್ದೆ ಹಾಕೋದು ಸರಿಯಲ್ಲ.

ಅವರು ಕೆಂಚನ್ನ ಕೈಗೆ ತಗೊಳ್ಳೋ ಮುಂಚೆ ಕೇಳಿದ್ದೇ ಇದು: "ಕೂರೋ ಕಲ್ಲಿನ ಮೇಲೆ ಎಷ್ಟು ಡಿಗ್ರಿ ಇದೆ?"

"ಮೂವತ್ತಾರು ಮೇಡಂ."

"ಯಾವ್ದ್ರಲ್ಲಿ ನೋಡಿದ್ರಿ?"

ಗೋಡೆಗೆ ಅಂಟಿಸಿದ್ದರಲ್ಲಿ ಅಂದೆ, ಹಣೆ ಗನ್ನಿನ ವಿಷಯಾನೂ ಹೇಳ್ದೆ, ಲೋ ಲೋ ಅಂತಿತ್ತು ಕೆಟ್ಟೋಗಿದೆ ಅಂದೆ. ಅವರು ನಕ್ಕು "ಕೆಟ್ಟಿರ್ಲಿಲ್ಲ ಅದು, ನಿಜ ಹೇಳ್ತಿತ್ತು" ಅಂದ್ರು. ಆ ಹಣೆ ಗನ್ನುಗಳು ಜ್ವರ ನೋಡೋಕೆ ಇರೋದು, ಸುಮಾರು 32ರಿಂದ 43ರ ಒಳಗೆ ಇದ್ರೆ ಮಾತ್ರ ಅಂಕಿ ತೋರ್ಸತ್ತೆ, ಅದಕ್ಕಿಂತ ಕೆಳಗೆ ಹೋದ್ರೆ ಲೋ ಅನ್ನತ್ತೆ. ಅಂದ್ರೆ ಕಲ್ಲು 32 ಕೂಡ ಇರ್ಲಿಲ್ಲ. ದೊಡ್ಡ ಬಿಯರ್ಡೆಡ್ ಡ್ರ್ಯಾಗನ್ನಿಗೆ ಕೂರೋ ಜಾಗ 38ರಿಂದ 42 ಇರ್ಬೇಕು. ನಮ್ಮ ಹಾಗೆ ಒಳಗಿಂದ ಬಿಸಿ ಹುಟ್ಟಲ್ಲ ಅವಕ್ಕೆ, ಹೊರಗಿನ ಬಿಸಿಯಲ್ಲೇ ಕರುಳು ಕೆಲಸ ಮಾಡ್ಬೇಕು, ಬಿಸಿ ಇಲ್ಲಾಂದ್ರೆ ತಿಂದಿದ್ದು ಹೊಟ್ಟೇಲೇ ಕೂತು ಹುಳಿ ಬರತ್ತೆ. ನಾನು ಮಾಡ್ತಿದ್ದ ಇನ್ನೊಂದು ಘನಂದಾರಿ ಕೆಲಸ ಅಂದ್ರೆ ಆಫೀಸ್ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಹುಳ ಹಾಕಿ ಒಂಬತ್ತಕ್ಕೆ ಲೈಟ್ ಆರ್ಸೋದು. ತಿಂದ್ಮೇಲೆ ಕಮ್ಮಿ ಅಂದ್ರೆ ಎರಡು ಗಂಟೆ ಬಿಸಿ ಕಾಯ್ಬೇಕಂತೆ.

ಎಕ್ಸ್‌ರೇ ತೆಗೆದ್ರು, ಕಲ್ಲು ಮರಳು ಏನೂ ನುಂಗಿಲ್ಲ, ಮೇವಿನ ಉಂಡೆ ಮತ್ತೆ ಗ್ಯಾಸು. ಚರ್ಮದ ಕೆಳಗೆ ದ್ರವ ಕೊಟ್ರು. ಹಿಂದಿನ ಕಾಲು ಎಳೀತಿಲ್ಲ ಅನ್ನೋದು ಒಳ್ಳೇದು, ಎಳೀತಿದ್ರೆ ಇಲ್ಲೇ ಇಟ್ಕೊಳ್ತಿದ್ದೆ ಅಂದ್ರು. ಬಿಸಿ ಸರಿ ಮಾಡೋ ತನಕ ಒಂದು ಹುಳಾನೂ ಹಾಕ್ಬೇಡಿ, ದಿನಕ್ಕೆರಡು ಸಲ ಬೆಚ್ಚಗಿನ ನೀರಲ್ಲಿ ಕೂರ್ಸಿ, ಔಷಧಿಗಿಂತ ಮೊದಲು ಒಂದು ಟೆಂಪರೇಚರ್ ಗನ್ ತಗೊಳ್ಳಿ, ಸಾಮಾನು ಅಳೆಯೋ ಥರದ್ದು, ಹಣೆದಲ್ಲ ಅಂತ ಹೇಳಿ ಕಳ್ಸಿದ್ರು.

ಟೂಲ್ಸ್ ಅಂಗಡಿಯೋರು "ಎಸಿ ಸರ್ವೀಸಿಗಾ?" ಅಂದ್ರು. ಅಪ್ಪಯ್ಯ "ಓತಿಕ್ಯಾತಕ್ಕೆ" ಅಂದ್ರು. ಅಂಗಡಿಯೋರು ಮತ್ತೆ ಏನೂ ಕೇಳದೆ ನೂರು ರೂಪಾಯಿ ಕಮ್ಮಿ ಮಾಡಿದ್ರು, ಪಾಪ ಅನ್ನಿಸ್ತೋ ಏನೋ.

ಮನೆಗೆ ಬಂದು ಬ್ಯಾಟ್ರಿ ಹಾಕಿ ಟ್ಯಾಂಕ್ ಮುಂದೆ ನಿಂತು ಒತ್ತಿದೆ. ಕಲ್ಲು 26. ಕೊಂಬೆ 26. ನೀರಿನ ಬಟ್ಲು 26. ಎಲ್ಲ ಕಡೆ 26, ಇದೂ ಡಬ್ಬಾ ಬಂತಲ್ಲಪ್ಪ ಎಂಥ ಸಾವು ಮಾರಾಯ ಅಂತ ತಲೆ ಕೆಡ್ತು. ಆಮೇಲೆ ಹೊಳೀತು, ನಾನು ಗಾಜಿನ ಹೊರಗಿಂದ ಹೊಡೀತಿದೀನಿ, ಕೆಂಪು ಚುಕ್ಕೆ ಗಾಜು ದಾಟತ್ತೆ ಆದ್ರೆ ಬಿಸಿಯ ಕಿರಣ ದಾಟಲ್ಲ, ಅದು ಅಳೀತಿದ್ದಿದ್ದು ಗಾಜನ್ನೇ. ಬಾಗಿಲು ಸರಿಸಿ ಒಳಗೆ ಹಿಡಿದ್ರೆ ಕಲ್ಲು 28.4. ಸಂಜೆ ಏಳು ಗಂಟೆ, ಬಲ್ಬ್ ಉರೀತಾ ಇದೆ, ಗೋಡೆ ಥರ್ಮಾಮೀಟರ್ 36 ಅಂತಿದೆ, ಕಲ್ಲು 28.4. ಆ ಮುಳ್ಳಿನದ್ದನ್ನ ಕಿತ್ತು ಕೈಯಲ್ಲಿ ಹಿಡಿದು ಬಾಗಿಲ ಹೊರಗೆ ಮಳೇಲಿ ಐದು ನಿಮಿಷ ಇಟ್ಟೆ. 36. ಒಳಗೆ ತಂದು ಒಲೆ ಹತ್ರ ಹಿಡಿದೆ. 36. ತುಕ್ಕು ಹಿಡಿದು ಮುಳ್ಳೇ ಸಿಕ್ಕಾಕ್ಕೊಂಡಿತ್ತು. ಎಷ್ಟು ದಿನದಿಂದ ಅಂತ ದೇವರಿಗೇ ಗೊತ್ತು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರಲ್ಲ, ನಮ್ ಓತಿಕ್ಯಾತಕ್ಕೆ ಸಿಕ್ಕಿದ ಸಾಕ್ಷಿ ಇದು.

ಆದ್ರೆ ಶಿವಮೊಗ್ಗದಲ್ಲಿ ಇದೇ ಬಲ್ಬು, ಇದೇ ಕಲ್ಲು, ಇದೇ ಎತ್ತರ, ಆಗ ಯಾಕೆ ತೊಂದ್ರೆ ಆಗ್ಲಿಲ್ಲ? ಇದನ್ನ ಹಿಡಿದಿದ್ದು ನಿಜವಾಗ್ಲೂ ಗನ್ನೇ. ಗಂಟೆಗೊಂದ್ಸಲ ಅಳೆದು ಕ್ಯಾಲೆಂಡರ್ ಹಿಂದೆ ಬರ್ಕೊಂಡೆ. ಬೆಳಿಗ್ಗೆ ಹನ್ನೊಂದಕ್ಕೆ 34. ಮಧ್ಯಾಹ್ನ ಮೂರಕ್ಕೆ 35. ಸಂಜೆ ಆರಕ್ಕೆ 30. ಏಳೂವರೆಗೆ 28. ಬಲ್ಬ್ ಮಾತ್ರ ಉರೀತಾನೇ ಇದೆ. ಅಡುಗೆಮನೇಲಿ ಫ್ರಿಜ್ಜಿನ ಸ್ಟೆಬಿಲೈಜರ್ ಮೇಲೆ ವೋಲ್ಟೇಜ್ ಬರತ್ತಲ್ಲ, ಹೋಗಿ ನೋಡಿದ್ರೆ 165. 230 ಇರ್ಬೇಕಾದ ಕಡೆ! ಊರೋರೆಲ್ಲ ಸಂಜೆ ಒಟ್ಟಿಗೆ ಲೈಟು, ಟಿವಿ, ಮಿಕ್ಸಿ ಹಾಕ್ತಾರೆ, ನಮ್ಮನೆ ಲೈನಿನ ಕೊನೇದು, ಇದು ನಮಗೆ ಹುಟ್ಟಿದಾಗಿಂದ ರೂಢಿ, ಫ್ಯಾನ್ ನಿಧಾನ ತಿರುಗಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ತಂತಿ ಕಾದು ಉರಿಯೋ ಬಲ್ಬಿಗೆ ವೋಲ್ಟೇಜ್ ಇಷ್ಟು ಬಿದ್ರೆ 100 ವ್ಯಾಟಿನದ್ದು ಹೆಚ್ಚುಕಮ್ಮಿ 60 ವ್ಯಾಟಿನ ಕೆಲಸ ಮಾಡತ್ತೆ. ಕಣ್ಣಿಗೆ ಸ್ವಲ್ಪ ಕೆಂಪಗೆ ಕಾಣತ್ತೆ, ಅಷ್ಟೇ ವ್ಯತ್ಯಾಸ. ಸರಿಯಾಗಿ ಆ ಹೊತ್ತಿಗೇ ನಾನು ಅವನಿಗೆ ಹುಳ ತಿನ್ನಿಸ್ತಿದ್ದಿದ್ದು.

ಅಮ್ಮನ್ನ ಒಪ್ಪಿಸಿ ಬಲ್ಬಿನ ವೈರನ್ನ ಫ್ರಿಜ್ಜಿನ ಸ್ಟೆಬಿಲೈಜರಿಗೇ ಹಾಕಿದ್ವಿ. ಹಾಗಾಗಿ ಊರಲ್ಲಿ ಇರೋ ತನಕ ಟ್ಯಾಂಕ್ ಇದ್ದಿದ್ದು ಅಡುಗೆಮನೆ ಪಕ್ಕದ ಜಗಲೀಲಿ, ಒಲೆಯ ಬೆಚ್ಚಗೂ ತಾಗ್ತಿತ್ತು, ಗಾಳಿಯ ಥಂಡಿಯೂ ಕಮ್ಮಿ. ಬಲ್ಬನ್ನ ನಾಲ್ಕು ಬೆರಳು ಕೆಳಗಿಳಿಸಿ ಅಳೆದೆ, 44, ಜಾಸ್ತಿ ಆಯ್ತು, ಎರಡು ಬೆರಳು ಮೇಲೆ, 40.2. ಇನ್ನೊಂದು ಮೂಲೆ 26, ಅದೂ ಮುಖ್ಯ, ಬಿಸಿ ಜಾಸ್ತಿ ಅನ್ನಿಸಿದ್ರೆ ಹೋಗೋಕೆ ತಂಪು ಜಾಗ ಬೇಕು. ಈ ಎರಡು ಬೆರಳು ಮೇಲೆ ಕೆಳಗೆ ಆಟ ಗನ್ ಇಲ್ದೆ ಅಂದಾಜಲ್ಲಿ ಆಗೋದಲ್ಲ, ನನ್ನ ಕೈ ಹಿಡಿದು ನೋಡಿದಾಗ 34 ಕೂಡ "ಬಿಸಿ ಇದೆ" ಅಂತಾನೇ ಅನ್ನಿಸ್ತಿತ್ತು.

ಸ್ನಾನದ ನೀರಿಗೂ ಇದೇ ಗನ್ನು. ಹಂಡೆ ನೀರಿಗೆ ತಣ್ಣೀರು ಬೆರೆಸಿ ಒಂದ್ಸಲ ಕಲಕಿ ಅಳೀಬೇಕು, ಮೇಲ್ಮೈ ಮಾತ್ರ ನೋಡತ್ತೆ ಇದು. 33ಕ್ಕೆ ಬಂದಾಗ ಬಟ್ಟೆ ಒಗೆಯೋ ಬೇಸನ್ನಲ್ಲಿ ಅವನ ಮೊಣಕೈ ಮುಳುಗೋಷ್ಟು ಹಾಕಿ ಕೂರ್ಸೋದು, ಹೊಟ್ಟೆಯನ್ನ ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಸವರೋದು. ಮೂರನೇ ದಿನ ಬೆಳಿಗ್ಗೆ, ನಾನು ಒಂದು ಕೈಯಲ್ಲಿ ಮೊಬೈಲಲ್ಲಿ ಮೀಟಿಂಗ್ ಮ್ಯೂಟಲ್ಲಿ ಇಟ್ಕೊಂಡು ಇನ್ನೊಂದು ಕೈಯಲ್ಲಿ ಸವರ್ತಾ ಇದ್ದೆ, ಅವನು ಬಾಲ ಎತ್ತಿದ. ಮೊದಲು ಅಡಿಕೆ ಗಾತ್ರದ್ದು ಒಂದು ಗಟ್ಟಿ ಕಪ್ಪು ಉಂಡೆ, ಅದರ ಹಿಂದೆ ಹನ್ನೆರಡು ದಿನದ್ದು. ವಾಸನೆ ಹೇಳೋದು ಬೇಡ, ಅಜ್ಜಿ ಅಡುಗೆಮನೆಯಿಂದ "ಆಯ್ತಾ?" ಅಂತ ಕೂಗಿದ್ರು, ಯಾರೂ ಹೇಳದೇನೇ ಗೊತ್ತಾಗಿತ್ತು. ಅದರ ಸ್ಯಾಂಪಲ್ಲನ್ನ ಡಾಕ್ಟರಿಗೆ ಕಳ್ಸಿದ್ವಿ, ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿ ಇಲ್ಲ, ಪಿನ್‌ವರ್ಮ್ ಅನ್ನೋ ಹೊಟ್ಟೆಹುಳದ ಮೊಟ್ಟೆ ಸ್ವಲ್ಪ ಇದೆ ಅಂತ ಬಂತು, ಅಮ್ಮನ ಅಡುಗೆ ತಕ್ಕಡೀಲಿ ತೂಕ ನೋಡಿ (380 ಗ್ರಾಂ) ಹೇಳಿದ್ಮೇಲೆ ಅದಕ್ಕೆ ತಕ್ಕ ಡೋಸ್ ಕೊಟ್ರು. ತಕ್ಕಡಿ ತೊಳ್ದಿದೀನಿ, ಕೈಯೂ ಸೋಪಲ್ಲಿ ತೊಳ್ದಿದೀನಿ, ಈ ಪ್ರಾಣಿಗಳಿಂದ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬರಬಹುದು, ಅಮ್ಮ ಇದನ್ನ ಓದ್ತಿದ್ರೆ ಹೆದರ್ಬೇಡಿ.

ಇನ್ನು ಗನ್ನಿನ ತೊಂದ್ರೆಗಳು, ಒಂದು ಸ್ಟಾರ್ ಯಾಕೆ ಕಟ್ ಮಾಡಿದೀನಿ ಅಂತ. ಮೊದಲನೇದು ಹೊಳೆಯೋ ವಸ್ತು. ಸ್ಟೀಲ್ ಪಾತ್ರೇಲಿ ಹಾಲು ಉಕ್ಕಿ ಬರ್ತಿದ್ರೂ ಪಾತ್ರೆ ಹೊರಮೈಗೆ ಹಿಡಿದ್ರೆ ಇದು 50 ಚಿಲ್ಲರೆ ಅನ್ನತ್ತೆ, ಹೊಳಪಿನ ಲೋಹ ಬಿಸಿಯ ಕಿರಣ ಸರಿಯಾಗಿ ಬಿಡಲ್ಲ. ಕಲ್ಲು, ಮರ, ಚರ್ಮ, ನೀರು, ಇವಕ್ಕೆ ಸರಿಯಾಗಿ ಹೇಳತ್ತೆ. ಕೆಂಚನ ಬೆನ್ನನ್ನೇ ಅಳೀಬಹುದು, ಆದ್ರೆ ಕಣ್ಣಿನ ಹತ್ರ ಲೇಸರ್ ತರ್ಬೇಡಿ, ನಮ್ಮವನು ಮೊದಲ ದಿನ ಆ ಕೆಂಪು ಚುಕ್ಕೇನ ಹುಳ ಅಂತ ನೋಡೋಕೆ ತಲೆ ತಿರುಗಿಸಿದ, ನನ್ನ ಎದೆ ಧಸಕ್ ಅಂತು. ಬಾಕ್ಸ್ ಮೇಲೆ 12:1 ಅಂತ ಬರೆದಿರತ್ತೆ, ಅದರರ್ಥ 12 ಸೆಂಟಿಮೀಟರ್ ದೂರದಿಂದ 1 ಸೆಂಟಿಮೀಟರ್ ಅಗಲದ ಜಾಗ ಅಳೆಯತ್ತೆ, ದೂರ ನಿಂತಷ್ಟೂ ಅಕ್ಕಪಕ್ಕದ್ದೆಲ್ಲ ಸೇರ್ಕೊಳ್ಳತ್ತೆ. ಹತ್ರ ಹೋಗಿ ಹಿಡೀರಿ. ಥಂಡಿ ರೂಮಿಂದ ತಂದ ತಕ್ಷಣ ಹಿಡಿದ್ರೆ ಲೆನ್ಸಿಗೆ ಮಂಜು ಕೂತು ತಪ್ಪು ಹೇಳತ್ತೆ, ಈ ಮಳೆಗಾಲದಲ್ಲಿ ನನಗೆ ಎರಡು ಸಲ ಆಯ್ತು, ಹತ್ತು ನಿಮಿಷ ಬಿಟ್ಟು ನೋಡ್ಬೇಕು. ಗಾಳಿಯ ಬಿಸಿ, ತೇವ ಇದರಲ್ಲಿ ಗೊತ್ತಾಗಲ್ಲ, ಅದಕ್ಕೆ ಬೇರೆ ಡಿಜಿಟಲ್ ಮೀಟರ್ ಬೇಕು. ಯುವಿಬಿ ಟ್ಯೂಬ್ ಸತ್ತಿದ್ಯಾ ಬದುಕಿದ್ಯಾ ಅಂತಾನೂ ಹೇಳಲ್ಲ, ಟ್ಯೂಬ್ ಬೆಳಕು ಕೊಡ್ತಿದ್ರೂ ಒಳಗಿನ ಯುವಿಬಿ ತಿಂಗಳುಗಟ್ಲೆ ಆದ್ಮೇಲೆ ಇಳಿದಿರತ್ತೆ, ಅದು ಇಲ್ದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಕ್ಯಾಲ್ಸಿಯಂ ಇಲ್ದೆ ಮೂಳೆ ಮಾತ್ರ ಅಲ್ಲ ಕರುಳೂ ಸೋಮಾರಿ ಆಗತ್ತೆ.

ಮತ್ತೆ ಬ್ಯಾಟ್ರಿ. ನಾನು ತಗೊಂಡಿದ್ದಕ್ಕೆ ಚೌಕದ 9 ವೋಲ್ಟಿಂದು ಬೇಕು, ನಮ್ಮೂರ ಅಂಗಡೀಲಿ ಕೇಳಿದ್ರೆ "ಹಾಗಂದ್ರೆ ಎಂತದು?" ಅಂದ್ರು, ತೀರ್ಥಹಳ್ಳಿಗೇ ಹೋಗ್ಬೇಕು. ಸಾಧ್ಯ ಇದ್ರೆ ಸಣ್ಣ ಪೆನ್ಸಿಲ್ ಸೆಲ್ ಹಾಕೋ ಮಾಡೆಲ್ ತಗೊಳ್ಳಿ, ಇದೊಂದಕ್ಕೇ ಅರ್ಧ ಸ್ಟಾರ್ ಹೋಯ್ತು.

ಊಟದ್ದು ಸುಮಾರು ಜನ ಕೇಳಿದೀರಿ, ಬೇಗ ಹೇಳ್ತೀನಿ. ದೊಡ್ಡದಾದ್ಮೇಲೆ ಸೊಪ್ಪೇ ಜಾಸ್ತಿ, ಹುಳ ಕಮ್ಮಿ. ನುಗ್ಗೆ ಸೊಪ್ಪು, ದಾಸವಾಳದ ಹೂವು, ತುರಿದ ಸಿಹಿಗುಂಬಳ ಕೊಡ್ತಿದೀನಿ, ಹೊಟ್ಟೆ ಬಿಟ್ಟ ದಿನದಿಂದ ಕುಂಬಳಕ್ಕೆ ಮೊದಲ ಮರ್ಯಾದೆ. ಪಾಲಕ್, ಬಸಳೆ ದಿನಾ ಬೇಡ, ಕ್ಯಾಲ್ಸಿಯಂ ಕಟ್ಟಿಹಾಕತ್ತೆ. ಬೆಣ್ಣೆಹಣ್ಣು ಬೇಡವೇ ಬೇಡ. ಹುಳ ಅವನ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರ್ಬಾರ್ದು. ಮಲೆನಾಡಿನೋರಿಗೆ ಒಂದು ಎಚ್ಚರಿಕೆ: ಮುಂಗಾರು ಹಿಡಿಯೋ ಮುಂಚೆ ಮರ ತುಂಬ ಮಿಂಚುಹುಳ ಬರ್ತಾವಲ್ಲ, ಅಪ್ಪಿತಪ್ಪಿಯೂ ತಿನ್ನಿಸ್ಬೇಡಿ. ಅಮೆರಿಕದಲ್ಲಿ ಮಿಂಚುಹುಳ ತಿಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತಿದ್ದು ದಾಖಲಾಗಿದೆ, ಒಂದೇ ಒಂದು ಹುಳ ಸಾಕಂತೆ. ಅಕ್ಕನ ಮಗ ಮೇ ತಿಂಗಳಲ್ಲಿ ಬಾಟ್ಲೀಲಿ ನಾಲ್ಕು ಹಿಡ್ಕೊಂಡು "ಮಾಮಾ ಕೆಂಚಂಗೆ" ಅಂತ ಬಂದಿದ್ದ, ಅವತ್ತು ನಾನು ಮನೇಲಿ ಇದ್ದಿದ್ದಕ್ಕೆ ಸರಿಹೋಯ್ತು.

ಲೆಕ್ಕ ಬೇಕಂದ್ರೆ, ಎಕ್ಸ್‌ರೇ, ಡಾಕ್ಟರ್ ಫೀಸು, ಔಷಧಿ, ಎರಡು ಸಲ ಪೆಟ್ರೋಲು ಎಲ್ಲ ಸೇರಿ ಈ ಗನ್ನಿನ ನಾಲ್ಕು ಪಟ್ಟು ಆಯ್ತು. ಟ್ಯಾಂಕ್ ತಗೊಂಡ ದಿನವೇ ಜೊತೇಲಿ ಇದನ್ನೂ ತಗೊಂಡಿದ್ರೆ ಅಷ್ಟೂ ಉಳೀತಿತ್ತು, ಟ್ಯಾಂಕ್ ಮಾರಿದೋರು ಮಾತ್ರ ಇದರ ಸುದ್ದಿ ಎತ್ತಲಿಲ್ಲ, ಹೊಳೆಯೋ ಪ್ಲಾಸ್ಟಿಕ್ ಗುಹೆ, ಬಣ್ಣದ ಮರಳು ಎಲ್ಲ ಮಾರೋಕೆ ನೋಡಿದ್ರು. ಮರಳು ತಗೊಳ್ಳಲಿಲ್ಲ ಅನ್ನೋದೊಂದೇ ನಾನು ಮಾಡಿದ ಬುದ್ಧಿವಂತ ಕೆಲಸ.

ನಾನೀಗ ವಾಪಸ್ ಶಿವಮೊಗ್ಗಕ್ಕೆ ಬಂದಿದೀನಿ, ಕೆಂಚನೂ ಬಂದಿದಾನೆ, ಎರಡು ದಿನಕ್ಕೊಂದು ಸಲ ಸರಿಯಾಗಿ ನಡೀತಿದೆ. ಗನ್ ಮಾತ್ರ ಬಂದಿಲ್ಲ. ಬೀಡಿನ ಕಾವಲಿ 200 ದಾಟಿದ್ರೆ ನೀರುದೋಸೆ ಸೀಯತ್ತೆ ಅಂತ ಅಜ್ಜಿ ಕಂಡುಹಿಡಿದಿದಾರೆ, ಹೊರಡೋ ದಿನ ಮನೆಯೆಲ್ಲ ಹುಡುಕಿದ್ರೂ ಸಿಗ್ಲಿಲ್ಲ, ಕೇಳಿದ್ರೆ "ಯಾವ ಗನ್ನು?" ಅಂದ್ರು. ಇನ್ನೊಂದು ತಗೊಂಡೆ, ಅದೇ ಅಂಗಡಿ, ಈ ಸಲ ಪೆನ್ಸಿಲ್ ಸೆಲ್ಲಿನದ್ದು, 900, ಕಮ್ಮಿ ಮಾಡ್ಲಿಲ್ಲ.